ಮಾತಾಡುವ ಗೂಬೆ ಬೇಡ, ನೋಡುವ ಗೂಬೆ ಮಾಡಿ

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ಪೈಥಾನ್ ಪ್ರೋಗ್ರಾಮಿಂಗ್ ಸ್ವಲ್ಪ ಬರುತ್ತದೆ, ಮೋಟರ್ ಓಡಿಸುವ ಆರ್ಡುವಿನೊ ಊನೊ ಎಂಬ ಚಿಕ್ಕ ಕಂಪ್ಯೂಟರ್ ಬೋರ್ಡ್ ಇದೆ. ಆರನೇ ಕ್ಲಾಸಿನ ಮಗಳ ಜೊತೆ ರಟ್ಟಿನಲ್ಲಿ ಒಂದು ಗೂಬೆ ಮಾಡುತ್ತಿದ್ದೇವೆ. ಎದುರಿಗೆ ಬಂದವರನ್ನು ಅದು ನೋಡಬೇಕು, ಕರೆದರೆ ತಿರುಗಬೇಕು, ಮಾತಾಡಿದರೆ ಇನ್ನೂ ಚೆಂದ. ಈಗ ಎರಡು ಮೋಟರ್ ಒಟ್ಟಿಗೆ ತಿರುಗಿದರೆ ಬೋರ್ಡ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಕ್ಯಾಮೆರಾ ಜೋಡಿಸಿದರೆ ತಲೆ ಒಂದೇ ಸಮ ನಡುಗುತ್ತದೆ. ಇದರಲ್ಲಿ ಎಐ ಎಲ್ಲಿ ಸೇರಿಸಬೇಕು? ಚಾಟ್‌ಜಿಪಿಟಿ ಥರದ್ದು ಜೋಡಿಸಬಹುದಾ? ಜಾಸ್ತಿ ಖರ್ಚಿಲ್ಲದೆ ಶಾಲೆಯ ಪ್ರದರ್ಶನದಲ್ಲಿ ಇಡುವ ಹಾಗೆ ಆಗುತ್ತದಾ?

ಉತ್ತರ: ಖಂಡಿತ ಆಗುತ್ತದೆ. ಗೂಬೆಯನ್ನು ಆರಿಸಿಕೊಂಡಿದ್ದಂತೂ ತುಂಬ ಒಳ್ಳೇದಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ಬೋರ್ಡ್ ಆಫ್ ಆಗುವ ತೊಂದರೆ ನೋಡೋಣ. ಅದು ಸರಿಯಾಗದೆ ಎಐ ಮಾತೇ ಎತ್ತುವ ಹಾಗಿಲ್ಲ.

ನಿಮ್ಮ ಕೋಡ್‌ನಲ್ಲಿ ತಪ್ಪು ಹುಡುಕಬೇಡಿ, ಇದು ಕರೆಂಟಿನ ತೊಂದರೆ. ನೀವು ಬಳಸುತ್ತಿರುವುದು ಎಸ್‌ಜಿ90 ಥರದ ಚಿಕ್ಕ ಸರ್ವೊ, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟರ್, ಅಂದುಕೊಳ್ಳುತ್ತೇನೆ. ಅದು ಸಿಕ್ಕಿಕೊಂಡಾಗ ಅಥವಾ ಜೋರಾಗಿ ಹೊರಟಾಗ ಒಂದೊಂದೇ ಅರ್ಧ ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ. ಲ್ಯಾಪ್‌ಟಾಪಿನ ಸಾಮಾನ್ಯ ಯುಎಸ್‌ಬಿ 2.0 ಪೋರ್ಟ್ ಕೊಡುವ ಲೆಕ್ಕವೇ ಒಟ್ಟು ಅರ್ಧ ಆಂಪಿಯರ್. ಮನೆಯಲ್ಲಿ ನೀರಿನ ಮೋಟರ್ ಹಾಕಿದ ಕ್ಷಣ ಬಲ್ಬ್ ಮಂಕಾಗುತ್ತದಲ್ಲ, ಇಲ್ಲಿ ಆಗುವುದೂ ಅದೇ. ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ, ಬೋರ್ಡ್ ರೀಸೆಟ್ ಆಗುತ್ತದೆ.

ಹಾಗಾಗಿ ಸರ್ವೊಗಳಿಗೇ ಅಂತ ಬೇರೆ ಅಡಾಪ್ಟರ್ ತನ್ನಿ. 5 ವೋಲ್ಟ್, 3 ಆಂಪಿಯರ್ ಇರಲಿ. ಸರ್ವೊದ ಕೆಂಪು ವೈರ್ ಅಡಾಪ್ಟರ್‌ಗೆ ಹೋಗಬೇಕು, ಸಿಗ್ನಲ್ ವೈರ್ ಮಾತ್ರ ಆರ್ಡುವಿನೊಗೆ. ಅಡಾಪ್ಟರ್‌ನ ಗ್ರೌಂಡ್ (ಮೈನಸ್ ವೈರ್) ಮತ್ತು ಆರ್ಡುವಿನೊದ ಗ್ರೌಂಡ್ ಎರಡನ್ನೂ ಒಂದಕ್ಕೊಂದು ಸೇರಿಸಲೇಬೇಕು. ಸೇರಿಸದಿದ್ದರೆ ಸಿಗ್ನಲ್‌ಗೆ ಆಧಾರವೇ ಇರುವುದಿಲ್ಲ, ಮೋಟರ್ ಮನಬಂದಂತೆ ಕುಣಿಯುತ್ತದೆ. ಸರ್ವೊಗಳ ಹತ್ತಿರವೇ 1000 ಮೈಕ್ರೋಫ್ಯಾರಡ್‌ನ ಒಂದು ಕೆಪ್ಯಾಸಿಟರ್ ಹಾಕಿ, ಅದು ಸ್ವಲ್ಪ ಕರೆಂಟ್ ಕೂಡಿಟ್ಟು ಬೇಕಾದ ಕ್ಷಣ ಕೊಡುತ್ತದೆ. ಅದರ ಪ್ಲಸ್ ಮೈನಸ್ ಕಾಲು ಅದಲು ಬದಲಾಗದಂತೆ ನೀವೇ ನಿಂತು ನೋಡಿ, ಉಲ್ಟಾ ಹಾಕಿದರೆ ಸಿಡಿಯಬಹುದು. ವೈರ್ ಸಿಕ್ಕಿಸುವ ತೂತುಗಳಿರುವ ಬ್ರೆಡ್‌ಬೋರ್ಡಿನ ಸಣ್ಣ ಪಟ್ಟಿಗಳ ಮೂಲಕ ಮೋಟರಿನ ಕರೆಂಟ್ ಹರಿಸಬೇಡಿ, ಸ್ಕ್ರೂ ಇರುವ ಕನೆಕ್ಟರ್ ಬಳಸಿ.

ಈಗ ಗೂಬೆಯ ವಿಷಯ. ಗೂಬೆಯ ಕಣ್ಣುಗುಡ್ಡೆ ತಿರುಗುವುದಿಲ್ಲ. ತಲೆಬುರುಡೆಯ ಕಣ್ಣಿನ ಗುಳಿಯಲ್ಲಿ ಹೂತು ಕೂತಿರುತ್ತದೆ. ಅದಕ್ಕೇ ಅದು ಕತ್ತನ್ನು ಒಂದೊಂದು ಬದಿಗೆ ಸುಮಾರು 135 ಡಿಗ್ರಿ, ಅಂದರೆ ಒಟ್ಟು 270 ಡಿಗ್ರಿಯಷ್ಟು ಹೊರಳಿಸುತ್ತದೆ. ಬೇರೆ ಯಾವ ಗೊಂಬೆ ಮಾಡಿದ್ದರೂ ಕಣ್ಣಿಗೆ ಎರಡೋ ನಾಲ್ಕೋ ಮೋಟರ್ ಬೇಕಾಗುತ್ತಿತ್ತು. ನಿಮಗೆ ಬೇಡ. ಎರಡು ಟೇಬಲ್ ಟೆನಿಸ್ ಚೆಂಡು ಅಂಟಿಸಿ, ಕಪ್ಪು ಪಾಪೆ ಬರೆದರೆ ಆಯಿತು. ಚೆಂಡಿನ ಅಗಲ 40 ಮಿಲಿಮೀಟರ್, ತೂಕ ಬರೀ 2.7 ಗ್ರಾಂ.

ಗೂಬೆ ಇನ್ನೂ ಎರಡು ಕೆಲಸ ಮಾಡುತ್ತದೆ. ಏನಾದರೂ ಕುತೂಹಲ ಹುಟ್ಟಿದರೆ ತಲೆಯನ್ನು ಪಕ್ಕಕ್ಕೆ ಓರೆ ಮಾಡುತ್ತದೆ. ಮತ್ತೆ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆಯುತ್ತದೆ. ಹಾಗಾಗಿ ಮೂರು ಸರ್ವೊ ಸಾಕು: ಕತ್ತು ತಿರುಗಿಸಲು ಒಂದು, ಓರೆ ಮಾಡಲು ಒಂದು, ರೆಪ್ಪೆಗೆ ಒಂದು. ರೆಕ್ಕೆ, ಕೊಕ್ಕು, ಕಾಲು ಅಂತ ಮಗಳು ಕೇಳುತ್ತಾಳೆ. ಅವೆಲ್ಲ ಮುಂದಿನ ವರ್ಷಕ್ಕೆ ಇರಲಿ. ಮೂರು ಚಲನೆಯನ್ನು ಚೆನ್ನಾಗಿ ಪಳಗಿಸಿದ ಗೊಂಬೆ, ಹತ್ತು ಚಲನೆ ಹೇಗೋ ಮಾಡುವ ಗೊಂಬೆಗಿಂತ ಎಷ್ಟೋ ಪಾಲು ಜೀವಂತ ಅನಿಸುತ್ತದೆ.

ಕತ್ತಿನ ಸರ್ವೊ ಎಷ್ಟು ಭಾರ ತಡೆಯುತ್ತದೆ ಅಂತ ಲೆಕ್ಕ ಹಾಕಿ. ಎಸ್‌ಜಿ90ರ ಮೇಲೆ 1.8 ಕೆಜಿ-ಸೆಂಮೀ ಅಂತ ಬರೆದಿರುತ್ತಾರೆ. ಅಕ್ಷದಿಂದ 10 ಸೆಂಟಿಮೀಟರ್ ದೂರದಲ್ಲಿ 180 ಗ್ರಾಂ ಇಟ್ಟರೆ ಅದು ನಿಂತೇ ಹೋಗುತ್ತದೆ ಅಂತ ಇದರ ಅರ್ಥ. ಮೂರನೇ ಒಂದು ಭಾಗದಷ್ಟೇ ನಂಬಿ. ಅಂದರೆ ಆ ದೂರದಲ್ಲಿ ಸುಮಾರು 60 ಗ್ರಾಂ. ತಲೆಯನ್ನು ಅದರ ತೂಕದ ನಡುವಿನಲ್ಲೇ ಕೂರಿಸಿದರೆ ಈ ಚಿಂತೆ ಬಹಳ ಕಡಿಮೆಯಾಗುತ್ತದೆ. ಮುಖದ ಕಡೆ ಭಾರ ಜಾಸ್ತಿಯಾದರೆ ಹಿಂದೆ ಒಂದು ನಟ್ಟು ಅಂಟಿಸಿ ಸಮ ಮಾಡಿ. ಕತ್ತಿಗೆ ಮಾತ್ರ ಎಂಜಿ90ಎಸ್ ತಗೊಳ್ಳಿ. ಅದರ ಹಲ್ಲುಗಳು ಲೋಹದ್ದು. ಪ್ರದರ್ಶನದಲ್ಲಿ ಯಾರೋ ಒಬ್ಬ ಹುಡುಗ ತಲೆ ಹಿಡಿದು ತಿರುಗಿಸಿಯೇ ತಿರುಗಿಸುತ್ತಾನೆ.

ರೆಪ್ಪೆಗೆ ಒಂದು ಉಪಾಯ. ಅಗ್ಗದ ಸರ್ವೊ ಒಂದು ಡಿಗ್ರಿಗಿಂತ ಸಣ್ಣ ಬದಲಾವಣೆಯನ್ನು ಗಮನಿಸುವುದೇ ಇಲ್ಲ. ನಿಧಾನವಾಗಿ ಮುಚ್ಚು ಅಂದರೆ ತಡೆದು ತಡೆದು ಮುಚ್ಚುತ್ತದೆ. ಸರ್ವೊದ ಬಿಳಿ ಕಡ್ಡಿಯಲ್ಲಿ ಅಕ್ಷಕ್ಕೆ ಅತಿ ಹತ್ತಿರದ ತೂತಿಗೆ ತಂತಿ ಸಿಕ್ಕಿಸಿ. ರೆಪ್ಪೆಯ ಕಡೆ ಅದಕ್ಕಿಂತ ಮೂರು ಪಟ್ಟು ಉದ್ದದ ಕೈ ಇಡಿ. ಆಗ ಮೋಟರ್ ಮೂರು ಡಿಗ್ರಿ ತಿರುಗಿದಾಗ ರೆಪ್ಪೆ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ತಡೆತ ಕಣ್ಣಿಗೆ ಕಾಣುವುದಿಲ್ಲ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಇನ್ನು ಎಐ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಎಐ ಗೂಬೆಯ ಕಣ್ಣು ಮತ್ತು ಕಿವಿ ಆಗಲಿ. ಅದರ ಸ್ವಭಾವವನ್ನು ನೀವು ಮತ್ತು ಮಗಳು ಬರೆಯಿರಿ. ಎದುರಿಗೆ ಮುಖ ಇದೆಯಾ, ಎಲ್ಲಿದೆ, ಹತ್ತಿರ ಬರುತ್ತಿದೆಯಾ, ಇಷ್ಟನ್ನು ಕಂಡುಹಿಡಿಯಲು ಎಐಯನ್ನು ಮೀರಿಸಿದ್ದಿಲ್ಲ. ಅದು ಕಂಡ ಮೇಲೆ ಗೂಬೆ ನಾಚಬೇಕಾ, ಹೆದರಬೇಕಾ, ಓರೆಯಾಗಿ ನೋಡಬೇಕಾ ಅನ್ನುವುದೇ ಈ ಕಲೆ. ಅದನ್ನು ಯಂತ್ರಕ್ಕೆ ಬಿಟ್ಟುಕೊಟ್ಟರೆ ನಿಮಗೆ ಉಳಿಯುವುದು ಬರೀ ರಟ್ಟು ಕತ್ತರಿಸುವ ಕೆಲಸ.

ಇಷ್ಟು ಸರಳವಾದದ್ದು ಜನರಿಗೆ ಹಿಡಿಸುತ್ತದಾ ಅಂತ ಅನುಮಾನ ಬರಬಹುದು. 1970ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್ ಊರಿನ ಇವೊಲುವಾನ್ ಎಂಬ ಪ್ರದರ್ಶನ ಭವನದಲ್ಲಿ ‘ಸೆನ್‌ಸ್ಟರ್’ ಅಂತ ಒಂದು ರೋಬೋ ಶಿಲ್ಪ ಇಟ್ಟಿದ್ದರು. ಫಿಲಿಪ್ಸ್ ಕಂಪನಿಗಾಗಿ ಎಡ್ವರ್ಡ್ ಇಹ್ನಾಟೊವಿಚ್ ಎಂಬ ಕಲಾವಿದ ಮಾಡಿದ್ದು. ಉಕ್ಕಿನ ಕೊಳವೆಗಳ ನಾಲ್ಕು ಮೀಟರಿಗೂ ಉದ್ದದ ಮೈ. ಕೀಲುಗಳ ಜೋಡಣೆಯನ್ನು ಅವರು ಲಾಬ್‌ಸ್ಟರ್ ಸೀಗಡಿಯ ಕೊಂಡಿ ನೋಡಿ ಕಲಿತಿದ್ದರು. ತಲೆಯಲ್ಲಿ ಮೈಕುಗಳು, ಚಲನೆ ಹಿಡಿಯುವ ರೇಡಾರ್. ಮೆತ್ತಗೆ ಮಾತಾಡಿದರೆ ಆ ಕಡೆ ಬಾಗುತ್ತಿತ್ತು. ಕಿರುಚಿದರೆ, ಕೈ ಜೋರಾಗಿ ಬೀಸಿದರೆ ಹಿಂದೆ ಸರಿಯುತ್ತಿತ್ತು. ಅದರ ನಿಯಮ ಹೆಚ್ಚುಕಡಿಮೆ ಅಷ್ಟೇ. ಆದರೆ ನೋಡಲು ಬಂದವರು ಅದಕ್ಕೆ ಮನಸ್ಸಿದೆ ಅನ್ನುವ ಹಾಗೆ ಅದರ ಜೊತೆ ಆಡುತ್ತಿದ್ದರು. ಆ ಭವನದ ಪ್ರತಿಧ್ವನಿ ಮತ್ತು ಜನರ ಊಹಿಸಲಾಗದ ನಡವಳಿಕೆ ಸೇರಿ, ಇದ್ದದ್ದಕ್ಕಿಂತ ಎಷ್ಟೋ ಜಾಣನ ಹಾಗೆ ಅದು ಕಾಣುತ್ತಿತ್ತು ಅಂತ ಇಹ್ನಾಟೊವಿಚ್ ಅವರೇ ಹೇಳಿದ್ದರು. ಇನ್ನೂ ಹಿಂದೆ, 1944ರಲ್ಲಿ ಹೈಡರ್ ಮತ್ತು ಸಿಮೆಲ್ ಎಂಬ ಮನಶ್ಶಾಸ್ತ್ರಜ್ಞರು ಎರಡು ತ್ರಿಕೋನ, ಒಂದು ವೃತ್ತ ಓಡಾಡುವ ಸಣ್ಣ ಚಿತ್ರ ತೋರಿಸಿದರು. ನೋಡಿದವರಲ್ಲಿ ಬಹುತೇಕ ಎಲ್ಲರೂ ಅದನ್ನು ಜಗಳ, ಹೆದರಿಕೆ, ಓಡಿಹೋಗುವುದು ಅಂತ ಜೀವಿಗಳ ಕತೆಯಾಗಿಯೇ ಹೇಳಿದರು. ಅರ್ಧ ಜೀವವನ್ನು ನೋಡುವವರೇ ತರುತ್ತಾರೆ. ನಾವು ಸರಿಯಾದ ಹೊತ್ತಿಗೆ ಸರಿಯಾದ ಕಡೆ ತಿರುಗಿದರೆ ಸಾಕು.

ಕೆಲಸಕ್ಕೆ ಬರೋಣ. ಹೊಸ ಬೋರ್ಡ್ ಏನೂ ಬೇಡ. ಲ್ಯಾಪ್‌ಟಾಪಿನಲ್ಲಿ ಪೈಥಾನ್ ಓಡಲಿ, ಒಂದು ಯುಎಸ್‌ಬಿ ವೆಬ್‌ಕ್ಯಾಮ್ ಇರಲಿ. ಮುಖ ಗುರುತಿಸಲು ಗೂಗಲ್‌ನ ಮೀಡಿಯಾಪೈಪ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಹಳೇ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ, ಇಂಟರ್ನೆಟ್ ಬೇಡ. ಕ್ಯಾಮೆರಾವನ್ನು ತಲೆಯೊಳಗೆ ಇಡಲೇಬೇಡಿ. ಎಲ್ಲರೂ ಮೊದಲು ಹಾಗೇ ಯೋಚಿಸುತ್ತಾರೆ. ತಲೆ ತಿರುಗಿದಾಗ ಕ್ಯಾಮೆರಾವೂ ತಿರುಗುತ್ತದೆ, ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟರಲ್ಲಿ ತಲೆ ಗುರಿ ದಾಟಿರುತ್ತದೆ. ಮತ್ತೆ ವಾಪಸ್ ಬರುತ್ತದೆ, ಮತ್ತೆ ದಾಟುತ್ತದೆ. ಕ್ಯಾಮೆರಾವನ್ನು ಗೂಬೆ ಕೂತ ಕೊಂಬೆಯ ಕೆಳಗೆ, ಕತ್ತಿನ ನೇರಕ್ಕೆ ಅಲುಗಾಡದಂತೆ ಕೂರಿಸಿ.

ಆಗ ಲೆಕ್ಕ ಸುಲಭ. ಚಿತ್ರದ ಅಗಲ 640 ಪಿಕ್ಸೆಲ್, ಕ್ಯಾಮೆರಾ ನೋಡುವ ಅಗಲ 60 ಡಿಗ್ರಿ ಅಂದುಕೊಳ್ಳಿ. ಮುಖ 480ನೇ ಪಿಕ್ಸೆಲ್‌ನಲ್ಲಿದ್ದರೆ ನಡುವಿನಿಂದ 160 ಪಿಕ್ಸೆಲ್ ಆಚೆ. ಅಂದರೆ ಕತ್ತು ಸುಮಾರು 15 ಡಿಗ್ರಿ ತಿರುಗಬೇಕು. ಈ ಒಂದು ಸಂಖ್ಯೆಯನ್ನು ಯುಎಸ್‌ಬಿ ವೈರ್‌ನಲ್ಲಿ ಆರ್ಡುವಿನೊಗೆ ಕಳಿಸಿ. ಸೆಕೆಂಡಿಗೆ ಹತ್ತು ಸಲ ಕಳಿಸಿದರೂ ಸಾಕು.

ಮೋಟರ್ ಓಡಿಸುವ ಲೂಪ್, ಅಂದರೆ ಮತ್ತೆ ಮತ್ತೆ ಓಡುವ ಕೋಡ್, ಮಾತ್ರ ಆರ್ಡುವಿನೊ ಒಳಗೇ ಇರಲಿ, 20 ಮಿಲಿಸೆಕೆಂಡಿಗೊಮ್ಮೆ ತನ್ನ ಪಾಡಿಗೆ ತಿರುಗಲಿ. ಲ್ಯಾಪ್‌ಟಾಪ್ ಗುರಿ ಹೇಳುತ್ತದೆ, ಆರ್ಡುವಿನೊ ಅಲ್ಲಿಗೆ ಹೋಗುತ್ತದೆ. ಲ್ಯಾಪ್‌ಟಾಪ್ ಅರೆಕ್ಷಣ ತಡವರಿಸಿದರೂ ಗೂಬೆ ತಡವರಿಸುವುದಿಲ್ಲ. ಪ್ರತಿ ಸುತ್ತಿನಲ್ಲೂ ಮಾಡಬೇಕಾದದ್ದು ಇಷ್ಟೇ: ಗುರಿಯ ಕೋನದಿಂದ ಈಗಿನ ಕೋನ ಕಳೆಯಿರಿ, ಬಂದದ್ದನ್ನು 0.2ರಿಂದ ಗುಣಿಸಿ, ಈಗಿನ ಕೋನಕ್ಕೆ ಕೂಡಿಸಿ. ಹತ್ತು ಸುತ್ತಿನಲ್ಲಿ, ಅಂದರೆ 0.2 ಸೆಕೆಂಡಿನಲ್ಲಿ, ನೂರಕ್ಕೆ ಸುಮಾರು 90 ಭಾಗ ದಾರಿ ಮುಗಿದಿರುತ್ತದೆ. ಹೊರಡುವುದು ಚುರುಕು, ನಿಲ್ಲುವುದು ಮೆತ್ತಗೆ. ಆ 0.2 ಅನ್ನು 0.03 ಮಾಡಿ ನೋಡಿ. ಅದೇ ದಾರಿಗೆ ಒಂದೂವರೆ ಸೆಕೆಂಡ್ ಹಿಡಿಯುತ್ತದೆ, ಗೂಬೆಗೆ ನಿದ್ದೆ ಬಂದ ಹಾಗೆ ಕಾಣುತ್ತದೆ. ಒಂದು ಸಂಖ್ಯೆ ಬದಲಿಸಿದರೆ ಮೂಡೇ ಬದಲಾಯಿತು! ಮಗಳಿಗೆ ಇದನ್ನು ಅವಳೇ ಬದಲಿಸಿ ನೋಡಲು ಬಿಡಿ. ನನಗೆ ಇಡೀ ಕೆಲಸದಲ್ಲಿ ಅತಿ ಪ್ರೀತಿಯ ಗಳಿಗೆ ಇದು.

ನಿಮ್ಮ ತಲೆ ನಡುಗುವ ತೊಂದರೆಗೂ ಮದ್ದು ಇಲ್ಲೇ ಇದೆ. ನೀವು ಅಲುಗಾಡದೆ ಕೂತರೂ ಎಐ ಹೇಳುವ ಮುಖದ ಜಾಗ ಪ್ರತಿ ಚಿತ್ರದಲ್ಲೂ ಒಂದಿಷ್ಟು ಪಿಕ್ಸೆಲ್ ಆಚೀಚೆ ಆಗುತ್ತದೆ. ಅದು ಒಂದು ಡಿಗ್ರಿ ದಾಟಿದಾಗಲೆಲ್ಲ ಸರ್ವೊ ಓಗೊಡುತ್ತದೆ. ಮುಖ 6 ಡಿಗ್ರಿಗಿಂತ ಜಾಸ್ತಿ ಸರಿದರೆ ಮಾತ್ರ ಗುರಿ ಬದಲಿಸು, ಇಲ್ಲದಿದ್ದರೆ ಕಲ್ಲಿನ ಹಾಗೆ ಸುಮ್ನೆ ಕೂತಿರು ಅಂತ ಬರೆಯಿರಿ. ನಡುಕ ಹೋಗುತ್ತದೆ. ಜೊತೆಗೆ ಇನ್ನೊಂದು ಲಾಭ. ನಿಜವಾದ ಗೂಬೆ ತಿರುಗುವುದೂ ಹೀಗೇ ಅಲ್ವಾ? ಅಲುಗಾಡದೆ ಕೂತಿದ್ದು, ಪಟ್ಟನೆ ತಿರುಗಿ, ಮತ್ತೆ ಸ್ತಬ್ಧ.

ಈಗ ಸ್ವಭಾವ. ‘ಧೈರ್ಯ’ ಅಂತ ಒಂದೇ ಒಂದು ಸಂಖ್ಯೆ ಇಟ್ಟುಕೊಳ್ಳಿ, 0ಯಿಂದ 100. ಎದುರಿಗೆ ಯಾರೋ ಸಮಾಧಾನವಾಗಿ ನಿಂತಿದ್ದರೆ ಅದು ನಿಧಾನ ಏರುತ್ತದೆ. ಸದ್ದು ಜೋರಾದರೆ ಥಟ್ಟನೆ ಇಳಿಯುತ್ತದೆ. ಎಐ ಮುಖದ ಸುತ್ತ ಗುರುತಿಸುವ ಚೌಕ ಅರ್ಧ ಸೆಕೆಂಡಿನಲ್ಲಿ ಎರಡು ಪಟ್ಟಾದರೆ ಯಾರೋ ನುಗ್ಗಿ ಬಂದರು ಅಂತ ಅರ್ಥ, ಆಗಲೂ ಇಳಿಯಲಿ. ಧೈರ್ಯ 30ಕ್ಕಿಂತ ಕೆಳಗಿದ್ದರೆ ಅರೆಗಣ್ಣು, ಮುಖ ಬೇರೆ ಕಡೆ. 70 ದಾಟಿದರೆ ತಲೆ ಓರೆ ಮಾಡಿ ದಿಟ್ಟಿಸುತ್ತದೆ. ಯಾರೂ ಇಲ್ಲದೆ ತುಂಬ ಹೊತ್ತಾದರೆ ನಿದ್ದೆ. ರೆಪ್ಪೆ ಬಡಿಯುವುದು ಗಡಿಯಾರದ ಲೆಕ್ಕದಲ್ಲಿ ಇರಬಾರದು. ಎರಡು ಸೆಕೆಂಡಿನಿಂದ ಎಂಟು ಸೆಕೆಂಡಿನ ನಡುವೆ ರ್‍ಯಾಂಡಮ್ ಆಗಿ ಬರಲಿ. ತಲೆ ದೊಡ್ಡದಾಗಿ ತಿರುಗುವಾಗ ಒಂದು ಸಲ ರೆಪ್ಪೆಯೂ ಬಡಿದರೆ ಬಹಳ ಸಹಜ ಅನಿಸುತ್ತದೆ.

ಆಟ ಬೇಕು ಅಂದರೆ ಕಣ್ಣಾಮುಚ್ಚಾಲೆ ಆಡಿಸಿ. ಮಗು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡರೆ ಮೀಡಿಯಾಪೈಪ್‌ಗೆ ಸಾಮಾನ್ಯವಾಗಿ ಮುಖ ತಪ್ಪಿಹೋಗುತ್ತದೆ. ಬೇರೆ ಕಡೆ ಇದು ಕೊರತೆ, ಇಲ್ಲಿ ಅದೇ ಆಟ. ಮುಖ ಕೊನೇ ಸಲ ಕಂಡಿದ್ದು ಚಿತ್ರದ ಅಂಚಿನಲ್ಲಾದರೆ ಮಗು ಎದ್ದು ಹೋಗಿದೆ. ನಡುವಿನಲ್ಲೇ ಇದ್ದು ಮಾಯವಾದರೆ ಮುಚ್ಚಿಕೊಂಡಿದೆ. ಆಗ ಗೂಬೆಯೂ ಕಣ್ಣು ಮುಚ್ಚಲಿ. ಕೈ ತೆಗೆದ ತಕ್ಷಣ ಕಣ್ಣು ಪೂರ್ತಿ ಅರಳಿಸಿ ತಲೆ ಓರೆ ಮಾಡಲಿ. ಕೆಲವು ಸಲ ಒಂದು ಸೆಕೆಂಡ್ ತಡ ಮಾಡಿ ತೆರೆಯಲಿ. ಆ ತಡದಲ್ಲಿ ಮಕ್ಕಳು ಉಸಿರು ಬಿಗಿಹಿಡಿದು ಕಾಯುತ್ತಾರೆ.

ಕುಂದಾಪುರದ ಕಡೆ ಹೋದರೆ ಉಪ್ಪಿನಕುದ್ರಿನ ಯಕ್ಷಗಾನ ಗೊಂಬೆಯಾಟವನ್ನು ಮಗಳಿಗೆ ತೋರಿಸಿ. ಮರದ ಗೊಂಬೆಯ ಮುಖದಲ್ಲಿ ಒಂದು ಗೆರೆಯೂ ಕದಲುವುದಿಲ್ಲ. ಕೋಪ, ನಾಚಿಕೆ, ಅಳು ಎಲ್ಲ ಬರುವುದು ತಲೆ ಎಷ್ಟು ಬಾಗಿತು, ಎಷ್ಟು ಹೊತ್ತು ನಿಂತಿತು ಅನ್ನುವುದರಿಂದ. ನಿಮ್ಮ ಮೂರು ಸರ್ವೊಗಳಿಗೆ ಇದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ.

ಕರೆದರೆ ತಿರುಗಬೇಕು ಅಂದಿರಿ. ಗೂಗಲ್‌ನ ಟೀಚೆಬಲ್ ಮಷೀನ್‌ನಲ್ಲಿ ಬ್ರೌಸರ್ ಒಳಗೇ ಚಿಕ್ಕ ಎಐ ಮಾದರಿಯೊಂದಕ್ಕೆ ತರಬೇತಿ ಕೊಡಬಹುದು. ಅದು ಭಾಷೆ ಕಲಿಯುವುದಿಲ್ಲ, ಸದ್ದು ಕಲಿಯುತ್ತದೆ. ಹಾಗಾಗಿ ‘ಗುಮ್ಮಣ್ಣಾ’ ಅಂತ ಮಗಳ ಗಂಟಲಿನಲ್ಲೇ ಕಲಿಸಿ, ನಿಮ್ಮದೂ ಅಮ್ಮನದೂ ಸೇರಿಸಿ. ಅದಕ್ಕಿಂತ ಮುಖ್ಯ, ಕರೆಯಲ್ಲದ ಸದ್ದುಗಳನ್ನು ಧಾರಾಳವಾಗಿ ಕೊಡಿ: ಫ್ಯಾನು, ಮಿಕ್ಸಿ, ಕುಕ್ಕರ್ ಸೀಟಿ, ಟಿವಿ, ಸುಮ್ಮನೆ ಮಾತು. ಇಲ್ಲದಿದ್ದರೆ ಪ್ರತಿ ಸೀಟಿಗೂ ಗೂಬೆ ತಿರುಗುತ್ತದೆ. ಆರ್ಡುವಿನೊ ಜೊತೆ ಮಾತಾಡುವ ಯುಎಸ್‌ಬಿ ದಾರಿಯನ್ನು (ಸೀರಿಯಲ್ ಪೋರ್ಟ್) ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ಹಿಡಿದಿರಬಹುದು. ಆದ್ದರಿಂದ ಬ್ರೌಸರ್ ಪುಟ ವೆಬ್‌ಸಾಕೆಟ್ ಎಂಬ ನೇರ ಸಂಪರ್ಕದ ಮೂಲಕ ಪೈಥಾನ್‌ಗೆ ತಿಳಿಸಲಿ, ಪೈಥಾನ್ ಆರ್ಡುವಿನೊಗೆ ಹೇಳಲಿ. ಪ್ರದರ್ಶನದ ಗಲಾಟೆಯಲ್ಲಿ ಈ ಕಿವಿ ನಡೆಯುವುದು ಕಷ್ಟ. ಅಲ್ಲಿ ಅದನ್ನು ಆಫ್ ಮಾಡಿ ಕಣ್ಣನ್ನು ಮಾತ್ರ ನಂಬಿ.

ಚಾಟ್‌ಜಿಪಿಟಿ ಜೋಡಿಸಬಹುದಾ? ಜೋಡಿಸಬಹುದು, ಆದರೆ ಈ ಗೂಬೆಗೆ ಬೇಡ ಅನ್ನುತ್ತೇನೆ. ಮಾತು ಕೇಳಿ, ಬರಹ ಮಾಡಿ, ಇಂಟರ್ನೆಟ್‌ಗೆ ಕಳಿಸಿ, ಉತ್ತರ ತಂದು, ಮತ್ತೆ ದನಿ ಮಾಡುವಷ್ಟರಲ್ಲಿ ಕೆಲವು ಸೆಕೆಂಡ್ ಹೋಗುತ್ತದೆ. 0.2 ಸೆಕೆಂಡಿನಲ್ಲಿ ತಿರುಗಿ ನೋಡಿದ ಗೂಬೆ ಉತ್ತರಕ್ಕೆ ಮೂರು ಸೆಕೆಂಡ್ ತಗೊಂಡರೆ ಮಾಯೆ ಅಲ್ಲೇ ಮುರಿಯುತ್ತದೆ. ಕನ್ನಡದ ಮಾತಿಗೆ ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಉಚಿತ ಮಾದರಿಗಳಿವೆ, ಚೆನ್ನಾಗಿವೆ. ಆದರೂ ಮಕ್ಕಳ ದನಿ, ಅದೂ ಗದ್ದಲದಲ್ಲಿ, ಇಂಥ ಮಾದರಿಗಳಿಗೆ ಕಷ್ಟದ್ದೇ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಗೊಂಬೆ ಮಾತಾಡಿದ ಕೂಡಲೇ ಜನ ಅದರ ಜೊತೆ ಆಡುವುದನ್ನು ಬಿಟ್ಟು ಪರೀಕ್ಷೆ ಶುರು ಮಾಡುತ್ತಾರೆ. ಮಗ್ಗಿ ಹೇಳು, ರಾಜಧಾನಿ ಹೇಳು ಅಂತ. ಓರೆ ತಲೆಯನ್ನು ಆಮೇಲೆ ಯಾರೂ ನೋಡುವುದಿಲ್ಲ. ಚಿಕ್ಕ ಮಕ್ಕಳ ಎದುರು ಏನು ಹೇಳೀತು ಅನ್ನುವ ಹಿಡಿತವೂ ನಿಮ್ಮ ಕೈಯಲ್ಲಿ ಇರುವುದಿಲ್ಲ.

ದನಿ ಬೇಕೇ ಬೇಕು ಅಂದರೆ ಮಗಳ ಹತ್ತಿರ ‘ಗೂ... ಗೂ’ ಅಂತ ನಾಲ್ಕಾರು ಥರ ಹೇಳಿಸಿ ರೆಕಾರ್ಡ್ ಮಾಡಿ: ನಿದ್ದೆಗಣ್ಣಿನ ಗೂ, ಹೆದರಿದ ಗೂ, ಖುಷಿಯ ಗೂ. ಚಿಕ್ಕ ಸ್ಪೀಕರನ್ನು ಗೂಬೆಯ ಹೊಟ್ಟೆಯೊಳಗೆ ಇಡಿ. ಸದ್ದು ಲ್ಯಾಪ್‌ಟಾಪಿನಿಂದ ಬಂದರೆ ಎಲ್ಲರ ಕಣ್ಣೂ ಆ ಕಡೆ ಹೋಗುತ್ತದೆ. ಚಾಟ್‌ಜಿಪಿಟಿಯನ್ನು ಕೋಡ್ ಬರೆಯಲು ಸಹಾಯ ಕೇಳಿ, ತಪ್ಪೇನಿಲ್ಲ. ಸೀರಿಯಲ್, ವೆಬ್‌ಸಾಕೆಟ್ ಭಾಗಗಳನ್ನು ಚೆನ್ನಾಗಿ ಬರೆದುಕೊಡುತ್ತದೆ. ಪ್ರತಿ ಸಾಲು ಏನು ಮಾಡುತ್ತದೆ ಅಂತ ಮಗಳಿಗೆ ವಿವರಿಸಲು ನಿಮಗೆ ಬಂದರೆ ಮಾತ್ರ ಅದನ್ನು ಬಳಸಿ.

ಖರ್ಚು: ಲ್ಯಾಪ್‌ಟಾಪ್ ಮತ್ತು ವೆಬ್‌ಕ್ಯಾಮ್ ಮನೆಯಲ್ಲಿದ್ದರೆ ಸರ್ವೊ, ಅಡಾಪ್ಟರ್, ಸ್ಪೀಕರ್, ಸಣ್ಣಪುಟ್ಟ ಸಾಮಾನು ಎಲ್ಲ ಸೇರಿ ಸುಮಾರು 1,500 ರೂಪಾಯಿ ಇಟ್ಟುಕೊಳ್ಳಿ. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗುವ ಪರಿಚಯದವರಿದ್ದರೆ ಅವರ ಹತ್ತಿರ ತರಿಸಿ. ಎಂಜಿ90ಎಸ್ ಒಂದು ಜಾಸ್ತಿ ತರಲು ಹೇಳಿ.

ಪ್ರದರ್ಶನದ ದಿನ ಗೂಬೆಯ ಎದುರು ಕಿಟಕಿ ಬರುವ ಹಾಗೆ ಇಡಬೇಡಿ. ಬೆಳಕು ನೋಡುವವರ ಬೆನ್ನಿಗೆ ಬಿದ್ದರೆ ಮುಖ ಕಪ್ಪಾಗಿ, ಕ್ಯಾಮೆರಾಗೆ ಏನೂ ಕಾಣುವುದಿಲ್ಲ. ಕಿಟಕಿ ಗೂಬೆಯ ಹಿಂದೆ ಇರಲಿ. ನೆಲದ ಮೇಲೆ ಒಂದು ಮೀಟರ್ ದೂರಕ್ಕೆ ಟೇಪ್ ಅಂಟಿಸಿ, ಒಬ್ಬೊಬ್ಬರೇ ಅಲ್ಲಿ ನಿಲ್ಲಲಿ. ಆದರೂ ಮೂರು ನಾಲ್ಕು ಮುಖ ಒಟ್ಟಿಗೆ ಬರುತ್ತವೆ. ಅತಿ ದೊಡ್ಡ ಚೌಕವನ್ನೇ ನೋಡು, ಕನಿಷ್ಠ ಎರಡು ಸೆಕೆಂಡ್ ಅದನ್ನು ಬಿಡಬೇಡ ಅಂತ ಬರೆಯಿರಿ. ಇಲ್ಲದಿದ್ದರೆ ಮುಖದಿಂದ ಮುಖಕ್ಕೆ ಹಾರುತ್ತಲೇ ಇರುತ್ತದೆ. ಚಿತ್ರ ಯಾವುದನ್ನೂ ಸೇವ್ ಮಾಡಬೇಡಿ, ‘ಕ್ಯಾಮೆರಾ ಇದೆ, ಫೋಟೋ ಉಳಿಸಿಕೊಳ್ಳುವುದಿಲ್ಲ’ ಅಂತ ಚೀಟಿ ಅಂಟಿಸಿ. ಸರ್ವೊ ಕೈಗೆ ಬಿಸಿ ತಾಗಿದರೆ ಹತ್ತು ನಿಮಿಷ ಗೂಬೆಯನ್ನು ಮಲಗಿಸಿ. ತಲೆ ಎಲ್ಲೋ ಉಜ್ಜುತ್ತಿದೆ ಅಂತ ಅರ್ಥ, ಅದನ್ನು ಹುಡುಕಿ ಸರಿ ಮಾಡಿದ ಮೇಲೆಯೇ ಮತ್ತೆ ಆನ್ ಮಾಡಿ.